ಶುಕ್ರವಾರದ ದೂರುದಾರ

ಮೂಗ ಫೋನಿನಲ್ಲಿ ಮಾತಾಡುತ್ತಿದ್ದ.

ಬಾನು ಕಾರಿನ ಗಾಜು ಇಳಿಸಿದಳು. ಕೆನ್ಮೋರ್‌ನ ಬಸ್ ನಿಲ್ದಾಣದಲ್ಲಿ ಬೆನ್ನು ಹಾಕಿ ನಿಂತಿದ್ದವನು ಅದೇ ಮುದುಕ, ಸಾಲಿಂ. ಎರಡು ವರ್ಷದಿಂದ ಪ್ರತಿ ಶುಕ್ರವಾರ ಅವಳೆದುರು ಕೂತವನು, ಒಮ್ಮೆಯೂ ತುಟಿ ಬಿಚ್ಚದವನು. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಮಾತು ಹೋಯಿತೆಂದು ಚೀಟಿಯಲ್ಲಿ ಬರೆದು ತೋರಿಸಿದ್ದ. ಈಗ ಅರೇಬಿಕ್ ನಿರರ್ಗಳವಾಗಿ ಬರುತ್ತಿತ್ತು.

“ಇಲ್ಲ, ಅವರಿಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದ ದಿನ ಎಲ್ಲ ಮುಗಿಯಿತು.”

ಬಾನು ಇಳಿದು ಹೋಗಿ ಅವನೆದುರು ನಿಂತಳು. ಅವನು ಫೋನನ್ನು ಕಿವಿಯಿಂದ ಇಳಿಸಿದ.

“ಶೇಖ್‌ರಿಗೆ ಹೇಳಬೇಡಿ,” ಎಂದ.

“ಯಾರು ನೀವು?”

“ದೂರು ತರುವವನು. ಅಷ್ಟೇ.”

ಬಸ್ಸು ಬಂತು. ಅವನು ಹಿಂತಿರುಗಿ ನೋಡದೆ ಹತ್ತಿದ.

ಬಾನುವಿನ ಬಾಲ್ಯ ಕಳೆದದ್ದು ಮಸ್ಕತ್‌ನಲ್ಲಿ; ಅಪ್ಪ ಅಲ್ಲಿ ಆಸ್ಪತ್ರೆಯೊಂದರ ಕಾಂಪೌಂಡರ್. ಆಮೇಲೆ ಮೈಸೂರು, ಮದುವೆ, ಗಂಡ ಜಫರುಲ್ಲಾನ ಸಾಫ್ಟ್‌ವೇರ್ ಕೆಲಸದ ಹಿಂದೆ ಅಮೆರಿಕ. ಅವಳ ವೀಸಾದಲ್ಲಿ ದುಡಿಯಲು ಅನುಮತಿ ಇರಲಿಲ್ಲ. ಗಂಡ ಆಫೀಸಿಗೆ, ಮಗಳು ತಹ್ರೀಮ್ ಸ್ಕೂಲಿಗೆ ಹೋದರೆ ಸಂಜೆ ಆರರವರೆಗೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕುರುಡರೊಬ್ಬರಿಗೆ ಅರೇಬಿಕ್ ಓದಿ ಹೇಳುವವರು ಬೇಕೆಂದು ಲೈಬ್ರರಿಯಲ್ಲಿ ಕೇಳಿದಾಗ ಅವಳು ಎರಡನೇ ಮಾತಾಡದೆ ಒಪ್ಪಿದಳು.

ಆ ಕುರುಡರೇ ಶೇಖ್ ಗಾನಿಮ್. ಒಮ್ಮೆ ಮರುಭೂಮಿಯ ಒಂದು ಬುಡಕಟ್ಟಿನ ದೊರೆ. ಆಳಿದ್ದು ನಲವತ್ತೊಂದು ದಿನ.

ತಮ್ಮ ಕಥೆಯನ್ನು ಅವರು ಹೇಳುತ್ತಿದ್ದರು, ಬಾನು ಬರೆದುಕೊಳ್ಳುತ್ತಿದ್ದಳು. ೧೯೬೬ರಲ್ಲಿ ತಂದೆ ತೀರಿಕೊಂಡರು. ಇಪ್ಪತ್ತೇಳರ ಗಾನಿಮ್ ಗದ್ದುಗೆ ಏರಿ ಮೊದಲು ಮಾಡಿದ ಕೆಲಸ ಕೋಟೆಯ ಬಾಗಿಲನ್ನು ದಿನವಿಡೀ ತೆರೆದಿಡಿಸಿದ್ದು. ಒಂಟೆ ಕಳೆದುಕೊಂಡವರು, ಬಾವಿಗಾಗಿ ಬಡಿದಾಡಿಕೊಂಡವರು, ಗಂಡ ಬಿಟ್ಟವರು, ಯಾರು ಬೇಕಾದರೂ ಬಂದು ದೂರು ಹೇಳಬಹುದಿತ್ತು. ನಲವತ್ತೆರಡನೆಯ ಬೆಳಿಗ್ಗೆ ಹೊಸ ಬಾವಿ ನೋಡಿಕೊಂಡು ಬಂದರೆ ಬಾಗಿಲು ಮುಚ್ಚಿತ್ತು. ಒಳಗಿನಿಂದ ತಮ್ಮ ಮುತ್ಲಕ್‌ನ ಧ್ವನಿ ಬಂತು: “ಅಣ್ಣಾ, ಹೊರಟುಹೋಗು.”

ಬುಡಕಟ್ಟಿನ ಹಿರಿಯರು ಸುತ್ತ ನಿಂತಿದ್ದರು. ಗಾನಿಮ್ ಬಾಗಿಲ ಮೇಲೆ ಕೈಯಿಟ್ಟು ದೇವರ ಮೇಲೆ ಆಣೆ ಮಾಡಿದರು: ಈ ಧ್ವನಿ ಮತ್ತೆ ಕೇಳಿಸಿದ ಜಾಗದಲ್ಲಿ ಕ್ಷಣವೂ ಕೂರುವುದಿಲ್ಲ.

“ಆಮೇಲೆ?” ಎಂದು ಬಾನು ಕೇಳಿದ್ದಳು.

“ಬೈರೂತ್, ಲಂಡನ್. ಕಣ್ಣಿನ ಚಿಕಿತ್ಸೆಗೆ ಇಲ್ಲಿಗೆ. ಕಣ್ಣು ಹೋಯಿತು, ನಾನು ಉಳಿದೆ. ಮೂರು ವರ್ಷಕ್ಕೆ ತಮ್ಮನನ್ನೂ ಓಡಿಸಿದರಂತೆ.”

“ಈಗ ಎಲ್ಲಿದ್ದಾರೆ?”

“ಆ ಹೆಸರು ಹೇಳಿಕೊಂಡು ನನ್ನ ಬಾಗಿಲಿಗೆ ಯಾರೂ ಬಂದಿಲ್ಲ, ಮಗಳೇ.”



ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶೇಖ್ ಅಂಚು ಸವೆದ ಕಂದು ನಿಲುವಂಗಿ ತೊಟ್ಟು, ಅಪಾರ್ಟ್‌ಮೆಂಟಿನ ಬಾಗಿಲು ತೆರೆಸಿ, ಅದರೆದುರು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. “ಹೊರಗೆ ಯಾರಾದರೂ ಕಾಯುತ್ತಿದ್ದಾರಾ?” ಎಂದು ಆಗಾಗ ಕೇಳುತ್ತಿದ್ದರು. ಕಾರಿಡಾರಿನಲ್ಲಿ ಹಾಸಿದ ಕಾರ್ಪೆಟ್ ಬಿಟ್ಟರೆ ಏನೂ ಇರುತ್ತಿರಲಿಲ್ಲ. “ಇಲ್ಲ” ಎನ್ನುವುದು ಬಾನುವಿಗೆ ಪ್ರತಿ ಸಲವೂ ಕಷ್ಟವಾಗುತ್ತಿತ್ತು.

ಒಂದು ಶುಕ್ರವಾರ ಸಾಲಿಂ ಬಂದ. ಇಸ್ಸಾಕ್ವಾ ಊರಿನಿಂದ ಬಸ್ಸು ಬದಲಿಸಿಕೊಂಡು ಬಂದಿದ್ದ. ಶೇಖ್‌ರ ಬುಡಕಟ್ಟಿನವನೇ ಎಂದು ಚೀಟಿ ಹೇಳಿತು. ಅಂದಿನಿಂದ ವಾರಕ್ಕೊಂದು ದೂರು ಬರೆದು ತರುತ್ತಿದ್ದ. ನೆರೆಯವನ ಕುರಿ ನನ್ನ ಹೊಲ ಮೇಯ್ದಿತು. ಒಂದು ಬಾವಿಗೆ ಇಬ್ಬರು ಒಡೆಯರು. ಬಾನು ಓದುವಳು. ಶೇಖ್ ಕೆನ್ನೆಗೆ ಬೆರಳು ಹಚ್ಚಿ ಯೋಚಿಸಿ ತೀರ್ಪು ಹೇಳುವರು. ಆ ಒಂದು ಗಂಟೆ ಅವರ ಬೆನ್ನು ನೆಟ್ಟಗಿರುತ್ತಿತ್ತು.

ಅದೆಲ್ಲ ನಾಟಕವೇ? ಬಾನು ಎಜುಕೇಶನ್ ಹಿಲ್ ಬಡಾವಣೆಯಲ್ಲಿದ್ದ ಗೆಳತಿ ಶಾಲಿನಿಗೆ ಫೋನ್ ಮಾಡಿದಳು.

“ಸ್ಪೈ ಇರ್ಬೇಕು ಕಣೇ,” ಎಂದಳು ಶಾಲಿನಿ. “ನೀನು ಆ ಅಜ್ಜನ ಕಥೆ ಬರೀತಿದೀಯಲ್ಲ? ಈಗಿನ ದೊರೆಗಳು ಕಳಿಸಿರ್ತಾರೆ. ಏನು ಬರೆಸ್ತಿದಾರೆ ಅಂತ ನೋಡ್ಕೊಂಡು ಹೋಗೋಕೆ.”

“ಈಗ ನಾನೇನ್ ಮಾಡ್ಲಿ?”

“ಹೇಳ್ಬಿಡು. ಕಣ್ಣು ಕಾಣ್ದೇ ಇರೋರು, ನಿನ್ನ ನಂಬ್ಕೊಂಡಿದಾರೆ.”

“ಹೇಳಿದ್ರೆ ಶುಕ್ರವಾರ ಯಾರೂ ಬರಲ್ಲ, ಶಾಲಿನಿ.”

ಶುಕ್ರವಾರ ಅರ್ಧ ಗಂಟೆ ಮೊದಲೇ ಹೋದಳು. ಶೇಖ್ ನಿಲುವಂಗಿ ತೊಟ್ಟು ಸಿದ್ಧವಾಗಿದ್ದರು. ಬಾನು ಬಾಗಿಲು ಹಾಕಿ ಚಿಲಕ ಹಾಕಿದಳು.

“ಶೇಖ್ ಸಾಹೇಬರೇ, ಸಾಲಿಂ ಮೂಗನಲ್ಲ. ಮಾತಾಡಿದ್ದನ್ನು ನಾನೇ ಕೇಳಿದೆ. ನಿಮಗೆ ಏನೋ ಗೊತ್ತಾಗಬಾರದು ಅಂತ ಯಾರಿಗೋ ಹೇಳುತ್ತಿದ್ದ. ಅವನು ನಿಮಗೆ ಮೋಸ ಮಾಡುತ್ತಿದ್ದಾನೆ.”

ಶೇಖ್ ಅಲುಗಾಡಲಿಲ್ಲ. “ಬೇರೆ ಯಾರಿಗಾದರೂ ಹೇಳಿದ್ದೀಯಾ?”

“ಒಬ್ಬ ಗೆಳತಿಗೆ.”

“ಅವನಿಗೆ ಹೇಳಿದ್ದೀಯಾ, ನನಗೆ ತಿಳಿಸುತ್ತೇನೆ ಅಂತ?”

“ಇಲ್ಲ.”

ಅವರು ಉಸಿರು ಬಿಟ್ಟರು. ಅಷ್ಟರಲ್ಲಿ ಬಾಗಿಲ ಮೇಲೆ ಮೆಲ್ಲಗೆ ಎರಡು ಬಡಿತ. ಆಮೇಲೆ ಹೊರಗಿನಿಂದ ಒಂದು ಒಣ ಕೆಮ್ಮು.

“ನಾನು ತೆಗೆಯುವುದಿಲ್ಲ,” ಎಂದಳು ಬಾನು. “ಪೊಲೀಸರನ್ನು ಕರೆಯುತ್ತೇನೆ.”

ಶೇಖ್ ಕೈ ಚಾಚಿ ಅವಳ ಮುಂಗೈ ಹುಡುಕಿ ಹಿಡಿದುಕೊಂಡರು. ಹೊರಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಹೇಳಿದರು:

“ಅವನು ನಮ್ಮ ಅಮ್ಮನ ಹಾಗೆಯೇ ಕೆಮ್ಮುತ್ತಾನೆ, ಮಗಳೇ, ಮೊದಲ ದಿನವೇ ಗುರುತು ಹಿಡಿದೆ, ಮಾತಾಡಿದರೆ ನಾನು ಎದ್ದು ಹೋಗಬೇಕಾಗುತ್ತದೆ ಅಂತ ಅವನಿಗೂ ಗೊತ್ತು, ಬಾಗಿಲು ತೆಗೆ.”