ಶುಕ್ರವಾರದ ಮಾಫಿ

ರೊಟ್ಟಿ ಬಡಿಯುತ್ತಿದ್ದ ಮಾಯಾಳ ಕೈ ಅಲ್ಲೇ ನಿಂತಿತು. ಬಾಗಿಲ ಮುಂದೆ ಮತ್ತೆ ಆ ಬಿಳಿ ಕಾರು.

“ಬಂದ ನೋಡು ನಿನ್ನ ಯಮದೂತ,” ತಾಯಿ ಅಂಜನಾಬಾಯಿ ಒಲೆಯ ಮುಂದಿನಿಂದ ಏಳದೆ ಗೊಣಗಿದಳು. “ಉರಿಗೊಳ್ಳಿ ಹಿಡ್ಕೊಂಡು ಹೋಗ್ಲೇನು?”

ಬೀದರದ ಧರಣಿಯ ಒಂದೇ ಒಂದು ಫೋಟೋ ಇಷ್ಟೆಲ್ಲ ಮಾಡಿತ್ತು. ಬಂಧಿತ ವಿದ್ಯಾರ್ಥಿಗಳನ್ನು ಬಿಡಿ ಎಂಬ ಫಲಕ ಹಿಡಿದು ಸಿನಿಮಾದ ನಾಯಕಿ ಸುಮ್ಮನೆ ಕೂತಿದ್ದಳು. ಒಂದು ಮಾತೂ ಆಡಿರಲಿಲ್ಲ. ಅಷ್ಟಕ್ಕೇ ಔರಾದದಲ್ಲಿ ಪೋಸ್ಟರಿಗೆ ಡಾಂಬರು ಬಿತ್ತು. ಶುಕ್ರವಾರ ಚಿತ್ರ ಬಂದರೆ ಟಾಕೀಜು ಸುಡುತ್ತೇವೆ ಎಂದು ಕೂಗೆದ್ದಿತು. ಮಾಫಿ ಕೇಳು ಎಂಬ ಕಾಟ ತಾಳದೆ ಮಾಯಾ ಬೆಂಗಳೂರು ಬಿಟ್ಟು, ಮಗಳನ್ನು ಕರೆದುಕೊಂಡು ಭಾಲ್ಕಿಯ ತವರಿಗೆ ಬಂದಳು. ಕಾರು ಇಲ್ಲಿಗೂ ಬಂತು.

ಓಣಿಯಲ್ಲಿ ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಒಮ್ಮೆ ಮೆಂತ್ಯದ ಸೂಡಿಗೆ ಚೌಕಾಸಿ ಮಾಡಿದ್ದಕ್ಕೆ ಮಾರುವವಳು ಬುಟ್ಟಿ ಕೆಳಗಿಟ್ಟು, “ಯವ್ವಾ! ಪಿಚ್ಚರ್‌ನ್ಯಾಗಿನಾಕಿ!” ಎಂದುಬಿಟ್ಟಿದ್ದಳು.

ಚಿತ್ರದ ಹಂಚಿಕೆದಾರ ಸಿದ್ದೇಶ್ವರ ಚಪ್ಪಲಿ ಕಳಚಿ ಒಳಬಂದ. ಮೊಬೈಲು ಮುಂದಿಟ್ಟ.

“ಎರಡೇ ಮಾತು ಮೇಡಂ. ತಪ್ಪಾಯಿತು, ಕ್ಷಮಿಸಿ. ನೀವೂ ಪಾರು, ನಾವೂ ಪಾರು.”

“ಒಲ್ಲೆ ಅಂದ್ರ?”

“ಅನ್ರಿ. ನಾಳಿಂದ ಯಾವ ಸ್ಟುಡಿಯೋನೂ ನಿಮಗ ಬಾಗಿಲು ತೆಗಿಯಂಗಿಲ್ಲ. ಮಗಳ ಸಾಲಿ, ಅವ್ವನ ಔಷಧ, ಎಲ್ಲಾ ನೀವೇ ವಿಚಾರ ಮಾಡ್ರಿ.”

“ವಿಡಿಯೋದಾಗ ಮಾರಿ ತೋರಸ್ಬೇಕೇನೊ ಅಪ್ಪಾ?” ಅಂಜನಾಬಾಯಿ ಕೇಳಿದಳು.

“ಬ್ಯಾಡ್ರಿ ಅಮ್ಮಾ. ಮಾರಿ ಕಂಡ್ರ ಮಂದಿ ಮತ್ತ ಉರೀತಾರ. ಈ ದನಿ ಸಾಕು. ಇದನ್ನ ಕೇಳಿದ ಮ್ಯಾಲ ಯಾರು ಬಂದು ಏನಂದ್ರೂ ಮಂದಿ ನಂಬಂಗಿಲ್ಲ.”

ಮಗಳು ಸಂಘಮಿತ್ರಾ ರೊಟ್ಟಿಯ ಚೂರು ಕೈಯಲ್ಲಿಟ್ಟುಕೊಂಡು ತಾಯಿಯನ್ನೇ ನೋಡುತ್ತಿದ್ದಳು. ಏನೋ ಕೇಳಲು ಹೊರಟಳು.

“ನೀ ಉಣ್ಣು,” ಎಂದಳು ಅಜ್ಜಿ.

ಮಾಯಾ ಬಾಗಿಲತ್ತ ನೋಡಿದಳು. ಕಾರಿನಲ್ಲಿ ಅವನ ಜೊತೆ ಬಂದ ಇಬ್ಬರು ಹೊಸ್ತಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಹಿತ್ತಲಿಗೆ ದಾರಿಯೇ ಇರಲಿಲ್ಲ. ಫೋಟೋದಲ್ಲಿ ಸುಮ್ಮನೆ ಕೂತ ಆ ಮುಖ ಕಣ್ಣಿಗೆ ಕಟ್ಟಿತು. ಅವಳು ಕೈಯ ಹಿಟ್ಟು ಒರೆಸಿಕೊಂಡಳು, ಒಂದು ಗುಟುಕು ನೀರು ಕುಡಿದಳು, ತಲೆಯಾಡಿಸಿದಳು.

ಸಿದ್ದೇಶ್ವರ ಗುಂಡಿ ಒತ್ತಿದ.

“ಬೀದರದ ಧರಣಿಯಲ್ಲಿ ಕೂತದ್ದು ನನ್ನ ತಪ್ಪು…”

ನಾಡೇ ಬಲ್ಲ ದನಿ. ಒಂದಿಷ್ಟೂ ನಡುಗಲಿಲ್ಲ. ಅಂಜನಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊಬೈಲಿನ ಕೆಂಪು ಚುಕ್ಕೆ ಇನ್ನೂ ಉರಿಯುತ್ತಿರುವಾಗಲೇ ಸಂಘಮಿತ್ರಾ ಎದ್ದು ನಿಂತಳು.

“ಅವ್ವಾ, ಧರಣಿಗಿ ಕುಂತಾಕಿ ಹೀರೋಯಿನ್. ನೀ ಪಿಚ್ಚರ್‌ನ್ಯಾಗ ಆಕಿಗಿ ದನಿ ಕೊಡಾಕಿ. ಆಕಿ ಸತ್ರೂ ಕೇಳಂಗಿಲ್ಲ ಅಂದಿದ್ದ ಮಾಫಿ, ಆಕಿ ಹೆಸರಿಲೆ ನೀ ಯಾಕ ಕೇಳ್ತಿ?”