ಗಟ್ಟಿ ಚಾಕು

ನೀರಲ್ಲಿ ಅದ್ದಿದ ದಪ್ಪ ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ, ಆಕೆ ಚಾಕುವಿನ ಹಿಡಿಯನ್ನು ತಡವಿ ನೋಡುತ್ತಿದ್ದಳು. ಅಂಗಡಿಯವನಿಗೆ ತಲೆಬುಡ ಅರ್ಥವಾಗಲಿಲ್ಲ. ಬಂದವರೆಲ್ಲ ಅಲಗು ನೋಡುತ್ತಾರೆ. ಇವಳದೇನು ಹೊಸ ಪರೀಕ್ಷೆ?

“ಇದಕ್ಕಿಂತ ಗಟ್ಟಿ ಚಾಕು ನನ್ನ ಹತ್ರ ಇಲ್ಲಮ್ಮ. ಲಾರಿ ಹಗ್ಗ ಕೊಟ್ರೂ ಬೆಂಡೆಕಾಯಿ ಥರ ಕತ್ತರಿಸುತ್ತೆ,” ಎಂದ.

“ಇದೇ ಇರ್ಲಿ ಅಣ್ಣ. ಆದ್ರೆ ತುದಿ ಉಜ್ಜಿ ಮೊಂಡು ಮಾಡಿಕೊಡಿ.”

ಅವನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಆ ತುದಿ ತರಲು ಬೆಳಗಿನಿಂದ ಸಾಣೆಯ ಮುಂದೆ ಕೂತು ಬೆನ್ನು ಬಿದ್ದುಹೋಗಿತ್ತು. “ಮೊಂಡು ಮಾಡೋದಾದ್ರೆ ಚಾಕು ಯಾಕಮ್ಮ? ಸೌಟು ತಗೊಂಡು ಹೋಗಿ!”

ಆಕೆ ನಕ್ಕಳು. “ನದೀಲಿ ಮುಳುಗಿ, ಬಲೆಗೆ ಸಿಕ್ಕಿಹಾಕಿಕೊಂಡೋರನ್ನ ಬಿಡಿಸೋದು ನನ್ನ ಕೆಲಸ. ಕೆಸರು ನೀರು, ಏನೂ ಕಾಣಲ್ಲ. ಅವರೋ ಒದ್ದಾಡ್ತಿರ್ತಾರೆ. ಹಗ್ಗದ ಕೆಳಗೇ ಹೊಟ್ಟೆ ಇರುತ್ತೆ ಅಣ್ಣ.”

ಅವನು ಸಾಣೆ ತಿರುಗಿಸಿದ. ಕಿಡಿ ಹಾರಿ, ತುದಿ ಸವೆಯಿತು. “ಸಾಕು ಬಿಡಿ,” ಎಂದಳು ಆಕೆ. ಅವನು ಕಣ್ಣು ಮುಚ್ಚಿ, ಅಂಗಿ ಮೇಲೆತ್ತಿ, ಚಾಕುವನ್ನು ತನ್ನ ಹೊಟ್ಟೆಗೇ ಒತ್ತಿ ನೋಡಿದ.

“ಇಲ್ಲಮ್ಮ, ಇನ್ನೂ ಚುಚ್ಚುತ್ತೆ,” ಎಂದು ಮತ್ತೆ ಸಾಣೆ ಹಿಡಿದ.