ಬಾಯಿ ಬಿಡದ ಕೋವಿ

ಹರ್ಷವರ್ಧನ್ ಕೋವಿಯನ್ನು ನಡುವೆ ಮಡಿಸಿ, ಜೋಡಿ ನಳಿಗೆಗಳನ್ನು ಅಂಗಳದ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ.

"ಕನ್ನಡಿ ಕನ್ನಡಿ ಇದ್ದಂಗೈತೆ ಯಜಮಾನ್ರೇ! ಹೊಳೆನರಸೀಪುರದಲ್ಲಿ ಒಂದು ಇಂಗ್ಲಿಷ್ ಕೋವಿ ನೋಡ್ಬುಟ್ಟು ಬಂದೆ. ಇದ್ರ ಮುಂದೆ ಅದು ಒನಕೆ. ಆಯ್ತು, ನಂಗೆ ಇದೇ."

"ಯಾವ ಕಂಪನೀದಪ್ಪ ಇದು?" ಕೋವಿ ತಮ್ಮದೇ ಆದರೂ ನೇಮಿರಾಜಯ್ಯ ಕೇಳಿದರು.

"ಪಾರ್ಕರ್. ಅಮೆರಿಕದ್ದು."

"ಪೆನ್ನು ಮಾಡೋರಾ?"

ಹರ್ಷವರ್ಧನ್ ಜೋರಾಗಿ ನಕ್ಕ. "ಅವ್ರೇ ಬೇರೆ, ಇವ್ರೇ ಬೇರೆ. ಇಂಥದ್ನ ಈಗ ಮಾಡೋರೇ ಇಲ್ಲ. ನೋಡಿ, ಉಕ್ಕಿನ ಮೇಲೆ ಹಕ್ಕಿ ಎಂಗೆ ಕೆತ್ತವ್ರೆ!"

ಸಕಲೇಶಪುರದ ಎಸ್ಟೇಟಿನ ಬಿಳಿಯ ದೊರೆಯೊಬ್ಬ ಊರು ಬಿಡುವಾಗ, ಪಟೇಲರಾಗಿದ್ದ ನೇಮಿರಾಜಯ್ಯನವರ ಅಜ್ಜನಿಗೆ ಪ್ರೀತಿಯಿಂದ ಕೊಟ್ಟುಹೋದದ್ದು ಅದು. ಕೊಟ್ಟದ್ದನ್ನು ಬೇಡವೆನ್ನಲಾರದೆ ಅಜ್ಜ ಇಟ್ಟುಕೊಂಡರು. ಆದರೆ ಅಂದೇ ಬಸದಿಗೆ ಹೋಗಿ, ಇದಕ್ಕೆ ತೋಟಾ ತುಂಬುವುದಿಲ್ಲವೆಂದು ಸ್ವಾಮಿಯ ಮುಂದೆ ಹೇಳಿ ಬಂದರು. ಆಮೇಲೆ ಮಗ, ಮೊಮ್ಮಗ ಎಲ್ಲರೂ ಎಣ್ಣೆ ಒರೆಸಿದರು, ಲೈಸೆನ್ಸ್ ನವೀಕರಿಸಿದರು, ಬೀರುವಿಗೆ ಬೀಗ ಹಾಕಿದರು. ಅಷ್ಟೇ.

ಈಗ ಹಾಸನದಿಂದ ಹೊರಟ ಜೈನ ಮುನಿಗಳು ಶಾಂತಿಗ್ರಾಮ ದಾಟಿದ್ದಾರೆಂದು ಬೆಳಿಗ್ಗೆ ಸುದ್ದಿ ಬಂದಿತ್ತು. ನಾಳೆ ಅವರು ಈ ಊರಿನಲ್ಲಿ ಯಾರ ಮನೆಯಲ್ಲಾದರೂ ನಿಂತು ಆಹಾರ ಸ್ವೀಕರಿಸಬಹುದು. ಕೋವಿಯಿರುವ ಮನೆಯಲ್ಲಿ ಮುನಿಗಳು ಕೈಯೊಡ್ಡುವರೇ ಎಂದು ಬಸದಿಯಲ್ಲಿ ಯಾರೋ ಅಂದದ್ದೇ ತಡ, ನೇಮಿರಾಜಯ್ಯ, ಕೊಳ್ಳಲು ಕೋವಿ ಹುಡುಕುತ್ತಿದ್ದ ಹರ್ಷವರ್ಧನನಿಗೆ ಫೋನ್ ಮಾಡಿದ್ದರು.

"ನಡೀರಿ, ಕಾರು ಹತ್ತಿ. ಇವತ್ತೇ ಹಾಸನದ ಕೋವಿ ಅಂಗಡೀಲಿ ಇಟ್ಟು ಬರನ. ಕಾಗದ ಪತ್ರ ಆದ್ಮೇಲೆ ನಾನು ಬಿಡಿಸ್ಕತೀನಿ," ಎಂದ ಹರ್ಷವರ್ಧನ್.

ಮಜ್ಜಿಗೆ ತಂದ ನೇಮಿರಾಜಯ್ಯನವರ ಹೆಂಡತಿ ಮರುದೇವಿ, ಅವನ ತೊಡೆಯ ಮೇಲಿದ್ದ ಕೋವಿಯನ್ನೂ ಅದರ ಹಕ್ಕಿಗಳನ್ನೂ ನೋಡಿದರು. "ತಗೊಂಡು ಏನ್ಮಾಡ್ತೀಯಪ್ಪ? ಗೋಡೆಗೆ ತಗಲಾಕ್ತೀಯಾ?"

"ಗೋಡೆಗಾ! ಮಲ್ಲಿಪಟ್ಟಣದ ನಮ್ ಜಮೀನ್ಗೆ ಹಂದಿ ಕಾಟ ಕಣಮ್ಮ. ಪರ್ಮಿಶನ್ನೂ ತಗಂಡಿವ್ನಿ. ಪಾಪ, ಇಷ್ಟು ವರ್ಷ ಬಾಯ್ ಮುಚ್ಕಂಡು ಕುಂತೈತೆ. ನನ್ ಕೈಲಾದ್ರೂ ಬಾಯ್ ಬಿಡ್ಲಿ."

ಮರುದೇವಿ ಲೋಟ ಕೆಳಗಿಟ್ಟು ಕೋವಿಗೆ ಕೈ ಹಾಕಿದರು. ನೋಡಿ ಕೊಡುತ್ತಾರೆಂದು ಅವನು ಬಿಟ್ಟುಕೊಟ್ಟ. ಅವರು ಅದನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಇದನ್ನ ಕೊಡೋದಿಲ್ಲ."

"ಏನೇ ಇದು ನಿನ್ನ ಹುಡುಗಾಟ!" ನೇಮಿರಾಜಯ್ಯ ಎದ್ದರು. "ಮಾತು ಕೊಟ್ಟಾಗಿದೆ."

"ಕೊಟ್ಟೋರು ನೀವು. ನನ್ನ ಕೇಳಿದ್ರಾ?"

ಹರ್ಷವರ್ಧನ್‌ಗೆ ನಗು ಬಂತು. "ಅಲ್ಲ ಕಣಮ್ಮ, ನೀವು ಜೈನ್ರು. ಇರುವೆ ಸತ್ತಾತು ಅಂತ ನೆಲ ನೋಡ್ಕಂಡು ನಡಿಯೋರು. ನಿಮ್ಗ್ಯಾಕೆ ಕೋವಿ?"

"ಅದಕ್ಕೇ ಕಣಪ್ಪ ಇದು ನಮ್ಮ ಹತ್ರಾನೇ ಇರ್ಬೇಕು. ಮಜ್ಜಿಗೆ ಕುಡ್ಕೊಂಡು ಹೊರಡು. ಬಿಸಿಲೇರ್ತಿದೆ."

ಅವನು ಮಜ್ಜಿಗೆ ಮುಟ್ಟಲಿಲ್ಲ. ಕಾರಿನ ಸದ್ದು ರಸ್ತೆಯಲ್ಲಿ ಕರಗುವವರೆಗೂ ನೇಮಿರಾಜಯ್ಯ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ನಾಳೆ ಮುನಿಗಳು ನಮ್ಮ ಬಾಗಿಲಿಗೆ ಬಂದು ತಿರುಗಿ ಹೋದ್ರೆ? ಮದುವೆಯಾಗಿ ಬಂದಾಗಿನಿಂದ ಆ ಪುಣ್ಯಕ್ಕೆ ಕಾಯ್ತಿರೋಳು ನೀನೇ ಅಲ್ವೇನೇ?"

ಮರುದೇವಿಯವರ ಕಣ್ಣು ತುಂಬಿತು. ಕೋವಿಯ ಮೇಲಿನ ಹಿಡಿತ ಸಡಿಲಲಿಲ್ಲ.

"ಹೋದ್ರೆ ಹೋಗ್ಲಿ. ಅವರಿಗೆ ಆಹಾರ ಕೊಡೋಕೆ ಊರಲ್ಲಿ ಬೇಕಾದಷ್ಟು ಮನೆ ಇವೆ. ಇದನ್ನ ಸುಮ್ಮನಿರಿಸೋಕೆ ಇನ್ನೊಂದು ಮನೆ ಎಲ್ಲಿದೆ, ತೋರಿಸಿ ನೋಡೋಣ."